ಆಶ್ರಮಕ್ಕೆ ಸೇರಿಸಿದ ಮೇಲೂ ಮಕ್ಕಳಿಗೆ ಕೆಲಸ ಉಂಟು

ಪ್ರಶ್ನೆ: ತಾಯಿಗೆ 78 ವರ್ಷ, ಡಿಮೆನ್ಶಿಯಾ (ಮರೆಗುಳಿತನದ ಕಾಯಿಲೆ). ರಾತ್ರಿ ಎದ್ದು ಹೊರಗೆ ಹೋಗುತ್ತಿದ್ದರು. ನಮ್ಮಿಂದಾಗದೆ ಮಂಗಳೂರಿನ ಆರೈಕೆ ಕೇಂದ್ರವೊಂದಕ್ಕೆ ಸೇರಿಸಿದೆವು. ಸಂಜೆ ಆಫೀಸು ಬಿಟ್ಟು ಹೋದರೆ ತುಳುವಿನಲ್ಲಿ ‘ಇಲ್ಲಡೆಗ್ ಪೋಯಿ’ (ಮನೆಗೆ ಹೋಗೋಣ) ಎಂದು ಕೈ ಹಿಡಿದು ಅಳುತ್ತಾರೆ. ‘ನೀವು ಬಂದ ದಿನವೇ ಗಲಾಟೆ ಜಾಸ್ತಿ, ಸ್ವಲ್ಪ ಸಮಯ ಬರಬೇಡಿ’ ಎನ್ನುತ್ತಾರೆ ಅಲ್ಲಿಯವರು. ಈಗ ಅಮ್ಮ ಹಗಲೆಲ್ಲ ಮಂಪರಿನಲ್ಲೇ ಇರುತ್ತಾರೆ. ಏನು ಮಾಡಲಿ?
– ಓದುಗರು, ಸುರತ್ಕಲ್

ಉತ್ತರ: ಹೋಗುವುದನ್ನು ನಿಲ್ಲಿಸಬೇಡಿ, ಹೊತ್ತು ಬದಲಿಸಿ. ಈ ಕಾಯಿಲೆಯಲ್ಲಿ ಗಲಿಬಿಲಿ ಹೆಚ್ಚಾಗುವುದೇ ಸಂಜೆ ನಾಲ್ಕರಿಂದ ಏಳರ ಹೊತ್ತಿಗೆ. ನಮ್ಮ ಮಳೆಗಾಲದಲ್ಲಿ ಮೂರಕ್ಕೇ ಕತ್ತಲು ಕವಿಯುವುದರಿಂದ ಇನ್ನೂ ಬೇಗ ಶುರುವಾಗಬಹುದು. ಕೋಣೆಯ ದೀಪವನ್ನು ಮೊದಲೇ ಹಾಕಲು ಹೇಳಿ. ರಜಾದಿನ ಮಧ್ಯಾಹ್ನದ ಊಟಕ್ಕೆ ಅರ್ಧ ಗಂಟೆ ಮುಂಚೆ ಹೋಗಿ. ಬಟ್ಟಲು ಬಂದು, ಸಿಸ್ಟರ್ ಪಕ್ಕದಲ್ಲಿ ಕುಳಿತ ಮೇಲೆ ಎದ್ದು ಬನ್ನಿ. ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ‘ಹೋಗಿ ಬರುತ್ತೇನೆ’ ಎನ್ನುವುದೇ ಹೆಚ್ಚಾಗಿ ಅಳು ತರಿಸುತ್ತದೆ.

‘ಇಲ್ಲಡೆಗ್ ಪೋಯಿ’ ಎಂದಾಗ ‘ಇದೇ ನಿಮ್ಮ ಮನೆ’ ಎಂದು ವಾದಿಸಬೇಡಿ. ಹಸಿವು, ನೋವು, ಮೂತ್ರಕ್ಕೆ ಅವಸರ, ಇವೂ ಆ ಮಾತಿನಲ್ಲೇ ಹೊರಬರುತ್ತವೆ. ಮೊದಲು ಬಾತ್‌ರೂಮಿಗೆ ಕರೆದೊಯ್ಯಿರಿ, ನೀರು ಕೊಡಿ, ಆಮೇಲೆ ಆ ಮನೆಯ ಬಗ್ಗೆಯೇ ಮಾತಾಡಿಸಿ. ಅವರು ಹೇಳುವ ಮನೆ ತವರೂ ಆಗಿರಬಹುದು.

ಅಲ್ಲಿಯವರಿಗೆ ನಿಮ್ಮ ತಾಯಿ ಸೇರಿದ ದಿನದಿಂದ ಮಾತ್ರ ಗೊತ್ತು. ಹಿಂದಿನದನ್ನು ನೀವೇ ಒಂದು ಹಾಳೆಯಲ್ಲಿ ಬರೆದು ಕೊಡಬೇಕು: ಯಾವ ಹೆಸರಿನಿಂದ ಕರೆದರೆ ತಿರುಗುತ್ತಾರೆ, ಸ್ನಾನ ಎಷ್ಟು ಹೊತ್ತಿಗೆ, ಬಾಲ್ದಿ–ಚೆಂಬಿನ ಅಭ್ಯಾಸವೇ ಎಂದು. ತಲೆ ಮೇಲೆ ಷವರಿನ ನೀರು ಸುರಿದರೆ ಹೆದರಿ ಹೊಡೆಯುವವರಿದ್ದಾರೆ, ಅದನ್ನು ‘ಹಟಮಾರಿ’ ಎಂದು ಬರೆದಿಟ್ಟುಬಿಡುತ್ತಾರೆ. ಕಾಯಿಲೆ ಹೆಚ್ಚಾದಂತೆ ಆಮೇಲೆ ಕಲಿತ ಭಾಷೆ ಮೊದಲು ಹೋಗಿ ಮನೆಮಾತು ಉಳಿಯುವುದುಂಟು. ಆಯಾ ಹೊರರಾಜ್ಯದವರಾದರೆ ‘ಬಡವಾಪುಂಡು’ (ಹಸಿವು), ‘ಬೇನೆ’ (ನೋವು) ಮುಂತಾದ ಹತ್ತು ತುಳು ಮಾತುಗಳನ್ನು ಅವರ ಲಿಪಿಯಲ್ಲಿ ಅರ್ಥ ಸಹಿತ ಬರೆಸಿ ಕೊಡಿ. ಕೈಗೆ ಕೆಲಸವೂ ಬೇಕು. ಹೂ ಕಟ್ಟಿ ಬದುಕಿದವರಿಗೆ ಸ್ವಲ್ಪ ಮಲ್ಲಿಗೆ ಮತ್ತು ಬಾಳೆನಾರು, ಬೀಡಿ ಕಟ್ಟಿದವರಿಗೆ ಕಾಗದದ ತುಂಡು ಮತ್ತು ನೂಲು ಕೊಟ್ಟು ನೋಡಿ. ಹೆಸರು ಮರೆತ ಮೇಲೂ ಕೈಯ ಅಭ್ಯಾಸ ಬಹಳ ಕಾಲ ಉಳಿಯುತ್ತದೆ. ಕತ್ತರಿ ಬೇಡ, ಯಾರಾದರೂ ಪಕ್ಕದಲ್ಲಿರಲಿ.

ಪ್ರತಿ ಭೇಟಿಯಲ್ಲಿ ಕನ್ನಡಕ, ಹಿಯರಿಂಗ್ ಏಡಿನ ಬ್ಯಾಟರಿ, ಹಲ್ಲಿನ ಸೆಟ್ ಅವರದ್ದೇ ಹೌದೋ ನೋಡಿ. ಹಿಮ್ಮಡಿ, ಸೊಂಟದ ಕೆಳಗಿನ ಎಲುಬಿನ ಮೇಲೆ ಕೆಂಪಾಗಿದ್ದು, ಒತ್ತಿದಾಗಲೂ ಕೆಂಪು ಮಾಯವಾಗದಿದ್ದರೆ ಅದು ಹಾಸಿಗೆ ಹುಣ್ಣಿನ ಆರಂಭ, ಅಂದೇ ತಿಳಿಸಿ. ತಿಂಗಳಿಗೊಮ್ಮೆ ತೂಕ ಬರೆಸಿ. 50 ಕೆ.ಜಿ. ಇದ್ದವರು ಒಂದೇ ತಿಂಗಳಲ್ಲಿ 47.5ಕ್ಕೆ ಇಳಿದರೆ ಸುಮ್ಮನಿರುವ ಹಾಗಿಲ್ಲ.

ಮಂಪರಿನ ವಿಷಯ ನಾಳೆಗೆ ಇಡಬೇಡಿ. ಒಂದೆರಡು ದಿನಗಳಲ್ಲೇ ಹೀಗಾಗಿದ್ದರೆ ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ಹೊಸ ಔಷಧ ಇವುಗಳಲ್ಲಿ ಒಂದಿರಬಹುದು. ಅದೇ ದಿನ ವೈದ್ಯರು ನೋಡಲಿ. ಔಷಧದ ಚೀಟಿ ಕೇಳಿ ಪಡೆಯಿರಿ: ಹೆಸರು, ಪ್ರಮಾಣ, ಯಾರು ಬರೆದದ್ದು, ಯಾತಕ್ಕೆ, ಮತ್ತೆ ಪರಿಶೀಲಿಸುವುದು ಯಾವಾಗ. ಗಲಾಟೆ ಇಳಿಸಲು ಕೊಡುವ ರಿಸ್ಪೆರಿಡೋನ್, ಕ್ವೆಟಿಯಾಪಿನ್‌ನಂಥ ಔಷಧಗಳಿಂದ ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಅಗತ್ಯವಿರುವಲ್ಲಿ ಕೊಡಲೇಬೇಕಾಗುತ್ತದೆ, ಆದರೆ ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ಕೊಡಬಾರದು. ನೀವಾಗಿ ನಿಲ್ಲಿಸಲೂ ಬೇಡಿ.

ಪ್ರಶ್ನೆ: ಗಂಜಿ ಕುಡಿಸುವಾಗ ಅಪ್ಪನಿಗೆ ಕೆಮ್ಮು ಬರುತ್ತದೆ. ಗಂಜಿ ಮೆತ್ತಗೇ ಅಲ್ಲವೇ?
– ಓದುಗರು, ಕಾಪು

ಉತ್ತರ: ಕುಚ್ಚಲಕ್ಕಿ ಗಂಜಿಯಲ್ಲಿ ತಿಳಿಯೂ ಅಗುಳೂ ಬೇರೆಬೇರೆ. ಅಗುಳು ಬಾಯಲ್ಲಿರುವಾಗಲೇ ತಿಳಿ ಗಂಟಲಿಗೆ ಹರಿದುಹೋಗುತ್ತದೆ, ಹಾಗಾಗಿ ಕೆಮ್ಮು. ಎರಡನ್ನೂ ಸೇರಿಸಿ ಮಿಕ್ಸಿಯಲ್ಲಿ ಒಂದೇ ಹದಕ್ಕೆ ಅರೆಯಿರಿ. ಬೆನ್ನು ನೇರ, ಗದ್ದ ತುಸು ಕೆಳಗೆ, ಅರ್ಧ ಚಮಚ. ನುಂಗಿದ್ದು ನೋಡಿದ ಮೇಲೆ ಮತ್ತೊಂದು. ಕೊನೆಗೆ ಕೆನ್ನೆಯೊಳಗೆ ಉಳಿದಿದೆಯೇ ನೋಡಿ, ಅರ್ಧ ಗಂಟೆ ಮಲಗಿಸಬೇಡಿ. ಬೂತಾಯಿ ಮೀನು ಕೊಡುವುದಿದ್ದರೆ ಮುಳ್ಳನ್ನು ಬೆರಳಿನಿಂದಲೇ ಹುಡುಕಿ ತೆಗೆಯಬೇಕು. ಆದರೂ ಕೆಮ್ಮು ನಿಲ್ಲದಿದ್ದರೆ, ಉಂಡ ಮೇಲೆ ಸ್ವರ ಗೊರಗೊರ ಎಂದರೆ, ಪದೇಪದೇ ಜ್ವರ ಬಂದರೆ ನುಂಗುವಿಕೆಯ ಪರೀಕ್ಷೆ ಆಗಬೇಕು. ಮಂಗಳೂರಿನ ಫಾದರ್ ಮುಲ್ಲರ್, ಕೆಎಂಸಿ ಆಸ್ಪತ್ರೆಗಳಲ್ಲಿ ಇದಕ್ಕೆ ವಾಕ್–ಶ್ರವಣ ವಿಭಾಗಗಳಿವೆ.

ಪ್ರಶ್ನೆ: ದುಬೈಯಲ್ಲಿರುವ ಅಣ್ಣ ಅಲ್ಲಿಂದ ಏನು ಮಾಡಬಹುದು?
– ಓದುಗರು, ಮಲ್ಪೆ

ಉತ್ತರ: ಅಲ್ಲಿಯ ಸಂಜೆ ಐದು ಎಂದರೆ ಇಲ್ಲಿ ಆರೂವರೆ, ವೀಡಿಯೊ ಕರೆಗೆ ಕೆಟ್ಟ ಹೊತ್ತು. ಶನಿವಾರ, ಭಾನುವಾರ ಅಲ್ಲಿಯ ಬೆಳಿಗ್ಗೆ ಒಂಬತ್ತಕ್ಕೆ ಮಾಡಲಿ. ‘ನಾನು ಯಾರು ಹೇಳಿ?’ ಎಂದು ಪರೀಕ್ಷೆ ಮಾಡದೆ ತಾನೇ ಹೆಸರು ಹೇಳಲಿ. ಐದು ನಿಮಿಷ ಸಾಕು. ಕೇಂದ್ರದವರೊಡನೆ ಮಾತಾಡಲು ಮನೆಯವರಲ್ಲಿ ಒಬ್ಬರೇ ಇರಲಿ. ಬಿಲ್ಲು, ಔಷಧದ ಪಟ್ಟಿ, ತೂಕದ ಲೆಕ್ಕ ತಿಂಗಳು ತಿಂಗಳು ನೋಡಿ ಪ್ರಶ್ನೆ ಬರೆದು ಕಳಿಸುವ ಕೆಲಸ ಅಣ್ಣನಿಗೆ ಕೊಡಿ. ಅದಕ್ಕೆ ದೂರ ಅಡ್ಡಿಯಲ್ಲ.