ಗ್ರಾಮರ್ ಪಾಠ, ಪಕ್ಕದಲ್ಲಿ ಸಹಾಯಕರು: ಇಂಗ್ಲೆಂಡಿಗೆ ಹೊರಟ ಟೀಚರಿಗೆ

ಜಯನಗರದ ಶಾಲೆ ಬಿಟ್ಟು ಇಂಗ್ಲೆಂಡಿನ ಪ್ರೈಮರಿ ಶಾಲೆಗೆ ಸೇರ್ತಿದ್ದೀರಿ. ಇಯರ್ ಸಿಕ್ಸ್‌ಗೆ (ಪ್ರೈಮರಿಯ ಕೊನೆಯ ವರ್ಷ, 10-11 ವಯಸ್ಸಿನ ಮಕ್ಕಳು) ಗ್ರಾಮರ್ ಹೇಗೆ ಕಲಿಸೋದು, ಟೀಚಿಂಗ್ ಅಸಿಸ್ಟೆಂಟ್‌ಗೆ ಏನು ಕೆಲಸ ಕೊಡೋದು ಅಂತ ಕೇಳಿದ್ದೀರಿ. ಬೆಂಗಳೂರಿನಲ್ಲಿ ಇಡೀ ಕ್ಲಾಸನ್ನು ಒಬ್ಬರೇ ನಿಭಾಯಿಸಿದವರಿಗೆ ಕಷ್ಟವಾಗೋದು ಎರಡನೆಯದೇ.

ಗ್ರಾಮರ್ ನಿಮಗೆ ಗೊತ್ತಿರೋದೇ, ಹೆಸರು ಬೇರೆ. ನಮ್ಮ ಕಂಟಿನ್ಯುಯಸ್ ಟೆನ್ಸ್ ಇಂಗ್ಲೆಂಡಿನಲ್ಲಿ ಪ್ರೋಗ್ರೆಸಿವ್. 'ಮೈ' ಡಿಟರ್ಮಿನರ್, ಅಂದ್ರೆ ನಾಮಪದದ ಮುಂದೆ ಬಂದು ಯಾವುದು, ಯಾರದು ಅಂತ ಹೇಳೋ ಪದ. ಫ್ಯೂಚರ್ ಟೆನ್ಸ್ ಅಂತ ಕಲಿಸೋದಿಲ್ಲ. 'ವಿಲ್' ಮೋಡಲ್ ವರ್ಬ್, ಅಂದ್ರೆ 'ಕ್ಯಾನ್', 'ಮಸ್ಟ್' ಥರ ಇನ್ನೊಂದು ವರ್ಬ್ ಜೊತೆ ಬರೋದು. ಮೇ ತಿಂಗಳ ಸ್ಯಾಟ್ಸ್‌ನಲ್ಲಿ (ಇಯರ್ ಸಿಕ್ಸ್ ಮಕ್ಕಳ ರಾಷ್ಟ್ರೀಯ ಪರೀಕ್ಷೆ) ಗ್ರಾಮರ್ ಪೇಪರ್ 45 ನಿಮಿಷ, 50 ಅಂಕ. ಸ್ಪೆಲ್ಲಿಂಗ್‌ಗೆ ಬೇರೆ 20. 'ಬಿಫೋರ್ ಲಂಚ್' ಪ್ರಿಪೊಸಿಷನ್, 'ಬಿಫೋರ್ ವಿ ಏಟ್' ಕಂಜಂಕ್ಷನ್. ಪದದ ಪಟ್ಟಿ ಬಾಯಿಪಾಠ ಮಾಡಿದ ಮಕ್ಕಳು ಎಡವೋದು ಇಂಥಲ್ಲೇ. ಮುಂದೆ ಕರ್ತೃ, ಕ್ರಿಯಾಪದ ಇವೆಯಾ ಅಂತ ಹುಡುಕಿಸಿ.

ಅಸಿಸ್ಟೆಂಟ್‌ಗಳಿಗೆ ಎಷ್ಟೋ ಕಡೆ ಸಂಬಳ ಶಾಲೆಯ ಅವಧಿಗೆ ಮಾತ್ರ. ಹಾಗಾಗಿ ಪಾಠವನ್ನು ಅವರೂ ಮಕ್ಕಳ ಜೊತೆಗೇ ಮೊದಲ ಸಲ ಕೇಳ್ತಾರೆ. ಸಹಾಯ ಮಾಡೋ ಭರದಲ್ಲಿ 'ವರ್ಬ್ ಅಂದ್ರೆ ಡೂಯಿಂಗ್ ವರ್ಡ್' ಅಂದುಬಿಟ್ಟರೆ, 'ದ ವಾಕ್ ವಾಸ್ ಲಾಂಗ್' ವಾಕ್ಯದಲ್ಲಿ ಮಗು 'ವಾಕ್'ಗೆ ಗೆರೆ ಎಳೆದು 'ವಾಸ್' ಬಿಡುತ್ತೆ. ತಪ್ಪು ಅವರದಲ್ಲ, ಮೊದಲೇ ಹೇಳದ ನಮ್ಮದು. ಹಿಂದಿನ ದಿನವೇ ಅರ್ಧ ಪುಟ ಬರೆದುಕೊಡಿ: ನೀವು ಬಳಸೋ ವ್ಯಾಖ್ಯೆ, ಎರಡು ಉದಾಹರಣೆ, ಮಕ್ಕಳು ಮಾಡಬಹುದಾದ ತಪ್ಪು, ಆಗ ಕೇಳಬೇಕಾದ ಪ್ರಶ್ನೆ.

ಅವರನ್ನು ಯಾವಾಗಲೂ ಹಿಂದುಳಿದ ಮಕ್ಕಳ ಟೇಬಲ್‌ಗೇ ಕೂರಿಸಬೇಡಿ, ದಯವಿಟ್ಟು. ಅಸಿಸ್ಟೆಂಟ್‌ಗಳ ನೆರವು ಹೆಚ್ಚು ಪಡೆದ ಮಕ್ಕಳೇ ಕಡಿಮೆ ಪ್ರಗತಿ ಕಂಡರು ಅಂತ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಿಂದ 2008ರವರೆಗೆ ನಡೆದ ದೊಡ್ಡ ಅಧ್ಯಯನವೇ ತೋರಿಸಿತು. ಆ ಮಕ್ಕಳಿಗೆ ಟೀಚರ್ ಸಿಗೋದೇ ಕಮ್ಮಿಯಾಗಿತ್ತು. ಕಲಿಕೆಗಿಂತ ಕೆಲಸ ಮುಗಿಸೋದೇ ಮುಖ್ಯವಾಗಿತ್ತು. ಆ ಟೇಬಲ್‌ಗೆ ನೀವು ಹೋಗಿ, ಅವರು ಉಳಿದವರ ನಡುವೆ ಓಡಾಡಲಿ. ಮಗು ತಡವರಿಸಿದರೆ ಮೊದಲು ಸುಮ್ಮನೆ ಕಾಯಬೇಕು. ಆಮೇಲೆ 'ಮೊದಲು ಏನು ಹುಡುಕಬೇಕು?' ಅಂತ ಕೇಳಬೇಕು, ಆಗಲೂ ಹೊಳೆಯದಿದ್ದರೆ ಸುಳಿವು. ಮಾಡಿ ತೋರಿಸೋದು ಕೊನೆಗೆ, ಅದೂ ಬೇರೆ ವಾಕ್ಯದಲ್ಲಿ. ಪೆನ್ಸಿಲ್ ಮಗುವಿನ ಕೈಯಲ್ಲೇ ಇರಲಿ.

ಸಣ್ಣ ಗುಂಪಿಗೆ ಅಸಿಸ್ಟೆಂಟ್ ಮಾಡೋ ಪ್ರತ್ಯೇಕ ಪಾಠ ಇದ್ದರೆ ವಾರಕ್ಕೆ 3ರಿಂದ 5 ಸಲ, ಸಲಕ್ಕೆ 20ರಿಂದ 50 ನಿಮಿಷ, 8ರಿಂದ 20 ವಾರ. ಬೇಕಾದಾಗ ಎಬ್ಬಿಸಿ ಕರ್ಕೊಂಡು ಹೋಗೋದರಿಂದ ಪ್ರಯೋಜನವಿಲ್ಲ.

ಇ.ಎಚ್.ಸಿ. ಪ್ಲಾನ್ (ವಿಶೇಷ ಅಗತ್ಯವಿರೋ ಮಗುವಿಗೆ ಯಾವ ನೆರವು ಸಿಗಬೇಕು ಅಂತ ಹೇಳೋ ಕಾನೂನುಬದ್ಧ ದಾಖಲೆ) ಇರೋ ಮಗುವಿಗಾಗಿಯೇ ಒಬ್ಬರು ಅಸಿಸ್ಟೆಂಟ್ ಇದ್ದರೆ, ಅವರ ಕೆಲಸ ಬದಲಿಸುವ ಮುನ್ನ ಶಾಲೆಯ ಸೆಂಕೋ (ಇಂಥ ಮಕ್ಕಳ ನೆರವನ್ನು ನೋಡಿಕೊಳ್ಳೋ ಟೀಚರ್) ಜೊತೆ ಮಾತಾಡಿ.