ಮಳೆಗೂ ಮುನ್ನ ಚಿಗುರುವ ಮರಗಳು: ಸಂಪಾದಕರ ಉತ್ತರ

"ಹನಿ ಮಳೆ ಬೀಳುವ ಮೊದಲೇ ಒಣಕಾಡಿನ ಮರಗಳು ಚಿಗುರುತ್ತವಲ್ಲ, ನೀರು ಎಲ್ಲಿಂದ? ಹವಾಮಾನ ಬದಲಾದರೆ ಎಲ್ಲ ಮರಗಳ ಕಾಲವೂ ಒಟ್ಟಿಗೆ ಹಿಂದುಮುಂದಾಗುತ್ತದೆಯೇ? ದಾಖಲೆ ಇಡುವುದು ಹೇಗೆ?" ಎಂದು ಕೇಳಿದ್ದೀರಿ.

ನೀರು ಮರದೊಳಗೇ ಇರುತ್ತದೆ. ಎಲೆ ಉದುರಿದ ಮೇಲೆ ಆವಿಯಾಗಿ ಹೋಗುವುದು ತೀರ ಕಡಿಮೆ. ಆಳದ ಬೇರು ಹೀರಿದ್ದು ಕಾಂಡದಲ್ಲೇ ಉಳಿದು, ಮೊಗ್ಗು ಒಡೆಯುವಷ್ಟು ಬಿಗಿ ಬರುತ್ತದೆ. ಮೆದುಮರದ ಜಾತಿಗಳು ಕಾಂಡದಲ್ಲೇ ನೀರು ಕೂಡಿಟ್ಟಿರುತ್ತವೆ. ಬೇರು ಆಳಕ್ಕಿಳಿಯದ ಗಟ್ಟಿಮರಗಳು ಮಾತ್ರ ಮಳೆಗೇ ಕಾಯಬೇಕು. ಇನ್ನು ಯಾವಾಗ ಚಿಗುರಬೇಕೆಂಬುದನ್ನು ಹಲವು ಜಾತಿಗಳು ಹಗಲಿನ ಉದ್ದದಿಂದ ತಿಳಿಯುತ್ತವೆ. ಅರ್ಧ ಗಂಟೆಗಿಂತ ಕಡಿಮೆ ವ್ಯತ್ಯಾಸವೂ ಅವಕ್ಕೆ ಸಾಕು.

ಪನಾಮದ ಬಾರೋ ಕೊಲರಾಡೋ ದ್ವೀಪದಲ್ಲಿ 1986ರಿಂದ ಐದು ಒಣಋತುಗಳ ಕಾಲ, ತಲಾ 2.25 ಹೆಕ್ಟೇರಿನ ಎರಡು ತಾಕುಗಳಿಗೆ ನೀರುಣಿಸಿ ನೋಡಿದರು. ಮಣ್ಣು ಒದ್ದೆಯಾಗಿದ್ದರೂ ಹೆಚ್ಚಿನ ಮರಗಳು ತಮ್ಮ ಹೊತ್ತಿಗೇ ಎಲೆ ಉದುರಿಸಿದವು. ಎಲ್ಲಕ್ಕೂ ಮಳೆಯೇ ಕಾರಣ ಎನ್ನುವವರು ಇದನ್ನು ಗಮನಿಸಬೇಕು.

ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಇಲ್ಲ. ಹಗಲಿನ ಉದ್ದ ನಂಬಿದ ಮರದ ಕಾಲ ಕದಲುವುದಿಲ್ಲ, ಮಳೆ ನಂಬಿದ್ದರ ಕಾಲ ಕದಲುತ್ತದೆ. ಹೆಚ್ಚು ಆತಂಕ ರಾತ್ರಿಯ ತಂಪಿಗೆ ಕಾಯುವ ಮರಗಳದು. ಬೋರ್ನಿಯೋ ದ್ವೀಪದ ಡಿಪ್ಟೆರೋಕಾರ್ಪ್ ಎಂಬ ಕುಟುಂಬದ ಎತ್ತರದ ಕಾಡುಮರಗಳು ಕೆಲವು ವರ್ಷಗಳಿಗೊಮ್ಮೆ, ಒಣಹವೆ ಮತ್ತು ತಂಪು ರಾತ್ರಿಗಳು ಕೂಡಿಬಂದಾಗ, ಒಟ್ಟಾಗಿ ಹೂ ಬಿಡುತ್ತವೆ. ಆಫ್ರಿಕಾದ ಗ್ಯಾಬನ್ ದೇಶದ ಲೋಪೆ ರಾಷ್ಟ್ರೀಯ ಉದ್ಯಾನದಲ್ಲಿ 1987ರ ಸುಮಾರಿಗೆ ಹತ್ತು ಮರ ನೋಡಿದರೆ ಒಂದರಲ್ಲಿ ಕಳಿತ ಹಣ್ಣು ಸಿಗುತ್ತಿತ್ತು. ಮೂರು ದಶಕಗಳ ನಂತರ ಐವತ್ತು ಮರ ನೋಡಬೇಕಾಯಿತು. ರಾತ್ರಿ ಬಿಸಿಯೇರಿ, ಹೂ ಬಿಡಲು ಬೇಕಾದ ತಂಪು ಸಿಗುತ್ತಿಲ್ಲ ಎಂಬುದು ಅಲ್ಲಿನ ಬಲವಾದ ಅನುಮಾನ. ಹಣ್ಣು ತಿಂದು ಬದುಕುವ ಆನೆಗಳಿಗೆ ಇದು ನೇರ ಪೆಟ್ಟು.

ದಾಖಲೆಗೆ ಜಾತಿಗೆ ಕನಿಷ್ಠ ಹತ್ತು ಮರ ಆರಿಸಿ ಸಂಖ್ಯೆಯ ತಗಡು ಕಟ್ಟಿ. ಮೊಳೆ ಬೇಡ, ಸಡಿಲ ತಂತಿ ಇರಲಿ. ಹದಿನೈದು ದಿನಕ್ಕೊಮ್ಮೆ ದುರ್ಬೀನಿನಲ್ಲಿ ಮರದ ಇಡೀ ನೆತ್ತಿ (ಕೊಂಬೆ-ಎಲೆಗಳ ಹರವು) ನೋಡಿ. ಚಿಗುರು, ಹೂ, ಕಾಯಿ, ಹಣ್ಣು ಪ್ರತಿಯೊಂದಕ್ಕೂ 0ಯಿಂದ 4ರ ಅಂಕ ಕೊಡಿ (4 ಎಂದರೆ ಮುಕ್ಕಾಲಿಗಿಂತ ಹೆಚ್ಚು ನೆತ್ತಿ). ಒಂದೇ ವಾರ ಅರಳಿ ಉದುರುವ ಹೂಗಳು ತಪ್ಪಿಹೋಗುವುದರಿಂದ ಬುಡದಲ್ಲಿ ಬಿದ್ದ ಪಕಳೆಗಳನ್ನೂ ನೋಡಿ. ಹುಳು ತಿಂದು ಬೋಳಾದದ್ದನ್ನು ಎಲೆ ಉದುರಿದ್ದೆಂದು ಬರೆಯಬೇಡಿ. ತೊಟ್ಟು ಮತ್ತು ನರ ಉಳಿದಿದ್ದರೆ ಅದು ಹುಳುವಿನ ಕೆಲಸ. ಏನೂ ಇಲ್ಲದ ದಿನ 0 ಎಂದೇ ಬರೆಯಿರಿ: ಖಾಲಿ ಬಿಟ್ಟರೆ, ನೋಡಿರಲಿಲ್ಲವೋ ಹೂವಿರಲಿಲ್ಲವೋ ಆಮೇಲೆ ಗೊತ್ತಾಗುವುದಿಲ್ಲ. ಮಳೆಮಾಪಕದ ಜೊತೆಗೆ ಕನಿಷ್ಠ ಉಷ್ಣತೆ ತೋರುವ ಥರ್ಮಾಮೀಟರನ್ನೂ ನೆರಳಿನಲ್ಲಿ ಇಡಿ. ದಿನದ ಸರಾಸರಿಯಲ್ಲಿ ರಾತ್ರಿಯ ತಂಪು ಕಾಣುವುದಿಲ್ಲ.