ಪಂಚಾಯ್ತಿ ಕಟ್ಟೆ: ಲಿಂಟಲ್‌ಗೆ ನಿಂತ ಮನೆ

(ಗ್ರಾಮ ಪಂಚಾಯ್ತಿ ಸೆಕ್ರೆಟರಿಯಾಗಿದ್ದು ನಿವೃತ್ತರಾದ ಕಲಬುರಗಿಯ 'ಕಾಕಾ' ಓದುಗರ ಕಾಗದಗಳಿಗೆ ಉತ್ತರ ಬರೆಯುತ್ತಾರೆ.)

ಕಾಕಾ, ನಾನು ಚಿತ್ತಾಪುರ ತಾಲ್ಲೂಕಿನವನು. ಬಸವ ವಸತಿ ಯೋಜನೆಯಲ್ಲಿ ಮನೆ ಮಂಜೂರಾಯಿತು. ಹಳೇ ಮಣ್ಣಿನ ಮನೆ ಕೆಡವಿ, ತೊಗರಿ ಮಾರಿದ ದುಡ್ಡಿನಲ್ಲಿ ಬುನಾದಿ ಹಾಕಿದೆ. ಮೊದಲ ಬಿಲ್, ಅಂದರೆ ಮೊದಲ ಕಂತಿನ ದುಡ್ಡು, ಬಂತು. ಆಮೇಲೆ 60,000 ಕೈಸಾಲ ಮಾಡಿ ಲಿಂಟಲ್‌ವರೆಗೆ ಎತ್ತಿದೆ. ಎಂಟು ತಿಂಗಳಾಯಿತು, ಎರಡನೇ ಬಿಲ್ ಇಲ್ಲ. ಕೇಳಿದರೆ "ಮೇಲಿಂದ ಬಂದಿಲ್ಲ" ಅಂತಾರೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತಗಡಿನ ಶೆಡ್‌ನಲ್ಲಿದ್ದೇನೆ. ಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ. ಇದು ಸಹಾಯಾನಾ, ಶಿಕ್ಷೆನಾ?

ತಮ್ಮಾ, ನಿನ್ನ ಕಾಗದ ಎರಡು ಸಲ ಓದಿದೆ. ಸರ್ಕಾರ ನಿನಗೆ ಮನೆ ಕಟ್ಟಿಸಿಕೊಡುತ್ತಿದೆ ಅಂತ ಊರವರೆಲ್ಲ ಅಂದುಕೊಂಡಿರುತ್ತಾರೆ. ನೋಡಿದರೆ ನೀನೇ ಸರ್ಕಾರಕ್ಕೆ ಕೈಗಡ ಕೊಟ್ಟು ಕೂತಿದ್ದೀಯ. ತಿಂಗಳಿಗೆ 1,800 ಬಡ್ಡಿ, ಎಂಟು ತಿಂಗಳಿಗೆ 14,400. ಸಾಮಾನ್ಯ ವರ್ಗದವರಿಗೆ ಈ ಯೋಜನೆಯಲ್ಲಿ ಸಿಗುವುದೇ 1.20 ಲಕ್ಷ. ಅದರಲ್ಲಿ ಇಷ್ಟು ಆಗಲೇ ಬಡ್ಡಿಯವನ ಪಾಲಾಯಿತು. ನಿಮ್ಮ ಸುತ್ತ ವಾಡಿ, ಸೇಡಂ ಕಡೆ ಎಲ್ಲಿ ನೋಡಿದರೂ ಸಿಮೆಂಟ್ ಫ್ಯಾಕ್ಟರಿ. ಅದರ ಧೂಳು ನಮಗೆ ಪುಕ್ಕಟೆ, ಚೀಲ ಮಾತ್ರ ರೇಟಿಗೇ.

ಬಿಲ್ ಆಗುವ ದಾರಿ ಹೇಳ್ತೀನಿ ಕೇಳು. ಬುನಾದಿ, ಲಿಂಟಲ್, ಛತ್ತು, ಕೊನೆಗೆ ಪೂರ್ತಿ ಮನೆ. ಒಂದೊಂದು ಹಂತಕ್ಕೂ ಪಂಚಾಯ್ತಿಯವರು ಬಂದು ಮೊಬೈಲ್‌ನಲ್ಲಿ ಜಿಪಿಎಸ್ ಫೋಟೋ ತೆಗೆಯಬೇಕು. ಅದು ಬೆಂಗಳೂರಿನ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮಕ್ಕೆ ಹೋಗಬೇಕು. ಅಲ್ಲಿಂದ ದುಡ್ಡು ನಿನ್ನ ಖಾತೆಗೆ. ಅಂದರೆ ಮೊದಲು ನೀನು ಗೋಡೆ ಎತ್ತಬೇಕು, ಆಮೇಲೆ ಅವರು ಕೊಡಬೇಕು. ಕೈಯಲ್ಲಿ ಕಾಸಿಲ್ಲದವನಿಗೇ ಈ ಯೋಜನೆ, ಆದರೆ ಕಾಸಿದ್ದವನಿಗೆ ಮಾತ್ರ ಸಲೀಸು. ನಾನು ಸರ್ವಿಸ್‌ನಲ್ಲಿದ್ದಾಗಲೂ ಹೀಗೇ ಇತ್ತು. ಪಾಯ ತೋಡಿ ಬಿಟ್ಟು ಪುಣೆಗೆ ಗುಳೆ ಹೋದವರ ಮನೆ ಎಷ್ಟೋ ನೋಡಿದ್ದೇನೆ. ಒಳಗೆ ಜಾಲಿ ಬೆಳೆದಿರುತ್ತಿತ್ತು.

"ಮೇಲಿಂದ ಬಂದಿಲ್ಲ" ಅನ್ನುವ ಮಾತನ್ನು ಸುಮ್ನೆ ನಂಬಬೇಡ. ನಾನೂ ಅದನ್ನು ಬೇಕಾದಷ್ಟು ಸಲ ಹೇಳಿದವನೇ. ಕೆಲವು ಸಲ ನಿಜವಾಗಿಯೂ ಬಂದಿರುತ್ತಿರಲಿಲ್ಲ. ಕೆಲವು ಸಲ ಕಡತ ನನ್ನ ಟೇಬಲ್ ಮೇಲೇ ಇರುತ್ತಿತ್ತು. ಎರಡಕ್ಕೂ ಅದೇ ಮಾತು. ನಿನ್ನ ಲಿಂಟಲ್ ಫೋಟೋ ಹೋಗಿದೆಯೋ ಇಲ್ಲವೋ, ಅದು ಮೊದಲು ತಿಳಿಯಬೇಕು. ಮಂಜೂರಾತಿ ಪತ್ರದಲ್ಲಿ ನಿನ್ನ ಫಲಾನುಭವಿ ನಂಬರ್ ಇರುತ್ತದೆ. ಅದನ್ನು ಹಾಕಿ ನಿಗಮದ ವೆಬ್‌ಸೈಟ್‌ನಲ್ಲಿ ನೋಡಿಸು. ಫೋಟೋ ಹೋಗಿಲ್ಲ ಅಂದರೆ ಜಗಳ ಪಂಚಾಯ್ತಿಯಲ್ಲೇ ಆಡು. ಹೋಗಿದ್ದರೆ ಪಿಡಿಒ ಮುಂದೆ ಕೂಗಾಡಿ ಗಂಟಲು ನೋಯಿಸಿಕೊಳ್ಳಬೇಡ, ನಿಗಮಕ್ಕೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು. ಬಿಪಿಎಲ್ ಕಾರ್ಡ್ ಜೆರಾಕ್ಸ್ ಇಟ್ಟರೆ 10 ರೂಪಾಯಿ ಫೀಸೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು ಅಂತ 2005ರ ಕಾಯ್ದೆಯೇ ಹೇಳುತ್ತದೆ. ಆದರೆ "ಯಾಕೆ ಕೊಟ್ಟಿಲ್ಲ" ಅಂತ ಕೇಳಬೇಡ, ಕಥೆ ಬರೆದು ಕಳಿಸುತ್ತಾರೆ. ಫೋಟೋ ಬಂದ ತಾರೀಕು ಯಾವುದು, ಒಪ್ಪಿಗೆಯಾದ ತಾರೀಕು ಯಾವುದು, ಇಷ್ಟೇ ಕೇಳು. ತಾರೀಕು ಬರೆಯಬೇಕಾದಾಗ ಕೈ ಸ್ವಲ್ಪ ನಡುಗುತ್ತದೆ. ಅನುಭವದಿಂದ ಹೇಳ್ತಿದ್ದೇನೆ.

ಇನ್ನೊಂದು. ಖಾತ್ರಿ ಕೂಲಿ ಬಗ್ಗೆ ನೀನು ಒಂದಕ್ಷರ ಬರೆದಿಲ್ಲ. ಸ್ವಂತ ಮನೆ ಕಟ್ಟುವ ಕೆಲಸಕ್ಕೆ ನರೇಗಾದಲ್ಲಿ 90 ದಿನದ ಕೂಲಿ ಇತ್ತು. 2025-26ರ ದರ 370 ರೂಪಾಯಿ ಹಿಡಿದರೆ 33,300. ಜಾಬ್ ಕಾರ್ಡ್ ತಗೊಂಡು ಹೋಗಿ, ನಿನ್ನ ಮನೆಗೆ ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ತೆಗೆದಿದ್ದರೋ ಇಲ್ಲವೋ ಕೇಳು. ಬೇರೆಯವರ ಹೆಸರಿಗೆ ತೆಗೆದದ್ದೂ ಉಂಟು, ನೋಡಿಕೋ. ಮತ್ತೆ ನೆಲಕ್ಕೆ ಟೈಲ್ಸ್ ಹಾಕಿಸುವ ಆಸೆ ಇದ್ದರೆ ಬಿಡು. ಶಹಾಬಾದ್ ಫರಸಿ ನಿಮ್ಮ ಮಗ್ಗುಲಲ್ಲೇ ಇದೆ, ನಮ್ಮ ಬೇಸಿಗೆಗೆ ಅದೇ ತಂಪು.

ಕಾಕಾ, ನಾನು ಹುಮನಾಬಾದ್ ಕಡೆಯವಳು. ನನ್ನ ನೆಗೆಣ್ಣಿಗೆ ಗೃಹಲಕ್ಷ್ಮಿ 2,000 ಬರುತ್ತದೆ, ನನಗೆ ಒಂದು ಸಲವೂ ಬಂದಿಲ್ಲ. ಇಬ್ಬರ ರೇಷನ್ ಕಾರ್ಡೂ ಬೇರೆ. ಏನು ಪಾಪ ಮಾಡಿದ್ದೆ?

ಪಾಪ ನಿಮ್ಮದಲ್ಲ ತಂಗಿ, ನಿಮ್ಮ ಮನೆಯವರು ಗಾಡಿ ಸಾಲಕ್ಕೋ ಅಂಗಡಿ ಸಾಲಕ್ಕೋ ಯಾರದೋ ಮಾತು ಕೇಳಿ ಐಟಿ ರಿಟರ್ನ್ಸ್ ಹಾಕಿಸಿದ್ದಾರಾ ಅಂತ ಮೊದಲು ಕೇಳಿ. ಹೆಂಡತಿಯಾಗಲಿ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಪಟ್ಟಿಯಲ್ಲಿದ್ದರೆ ಹೆಸರು ಬಿಟ್ಟುಹೋಗುತ್ತದೆ. ಅದಿಲ್ಲ ಅಂದರೆ ಬ್ಯಾಂಕಿಗೆ ಹೋಗಿ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅಂತ ನೋಡಿಸಿ. ನೀವು ಮರೆತೇಬಿಟ್ಟ ಹಳೇ ಖಾತೆಗೆ ದುಡ್ಡು ಬಿದ್ದಿರಲೂಬಹುದು. ಎರಡೂ ಸರಿ ಇದ್ದರೆ ತಾಲ್ಲೂಕಿನ ಸಿಡಿಪಿಒ (ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿ) ಆಫೀಸಿಗೆ ಹೋಗಿ. ನೆಗೆಣ್ಣಿ ಜೊತೆ ಮಾತು ಬಿಡಬೇಡಿ, ಆಕೆಯ ಪಾಸ್‌ಬುಕ್ ನೋಡಿದರೆ ಯಾವ ತಿಂಗಳ ಕಂತು ಬಂದಿದೆ ಅಂತ ಗೊತ್ತಾಗುತ್ತದಲ್ವಾ?

ಕಾಕಾ, ಸುರಪುರ ಕಡೆಯ ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮೂರಲ್ಲಿ ಎರಡು ಮಹಡಿ ಇದ್ದವನಿಗೇ ಮತ್ತೆ ಆಶ್ರಯ ಮನೆ. ಗ್ರಾಮಸಭೆಯಲ್ಲಿ ಆಯ್ಕೆಯಾಯ್ತು ಅಂತಾರೆ. ಆ ಸಭೆ ಯಾವಾಗ ಆಯಿತೋ ನಮಗೆ ಗೊತ್ತೇ ಇಲ್ಲ.

ನನಗೆ ಗೊತ್ತು. ರಿಜಿಸ್ಟರ್ ಮನೆಮನೆಗೆ ಹೋಗಿ ಸಹಿ ಮಾಡಿಸಿಕೊಂಡು ಬಂದಿರುತ್ತದೆ. ಒಂದು ವರ್ಷ ನಾನೂ ಹಾಗೆ ಸಭೆ "ಮಾಡಿದ್ದೇನೆ". ಅಟೆಂಡರ್ ಸೈಕಲ್ ಮೇಲೆ ಹೋಗಿ ನೂರಾರು ಹೆಬ್ಬೆಟ್ಟು ತಂದಿದ್ದ. ಸತ್ತುಹೋಗಿದ್ದ ಮುದುಕಿಯೊಬ್ಬಳ ಹೆಬ್ಬೆಟ್ಟೂ ಅದರಲ್ಲಿತ್ತು, ಆಡಿಟ್‌ನಲ್ಲಿ ಯಾರೂ ಹಿಡಿಯಲಿಲ್ಲ. ನೀನು ಆ ಸಭೆಯ ನಡಾವಳಿ, ಸಹಿ ಪುಟ ಎರಡರ ನಕಲನ್ನೂ ಕೇಳು. ನಿಮ್ಮ ಓಣಿಯವರ ಹೆಸರು ಅದರಲ್ಲಿದ್ದರೆ ಒಬ್ಬೊಬ್ಬರನ್ನೇ ಕರೆದು ತೋರಿಸು.